ತಪ್ಪು ತೋರಿಸದ ಯಂತ್ರ

ಲಕ್ಷ್ಮೀ ನಗರ, ನಾಗಪುರ
೧೯ ಜೂನ್ ೧೯೮೮

ವ್ಯಾಸಮಾಮಾ, ನಮಸ್ಕಾರ.

ನಾವು ಆರಾಮ. ಯಜಮಾನರು ಬ್ಯಾಂಕಿನ ಸಾವನೇರ್ ಶಾಖೆಗೆ ದಿನವೂ ಬಸ್ಸಿನಲ್ಲಿ ಹೋಗಿ ಬಂದು ಸುಣ್ಣವಾಗಿದ್ದಾರೆ. ಮಳೆ ಇನ್ನೂ ಬಂದಿಲ್ಲ. ಕುಶಲದ ಮಾತು ಇಷ್ಟೇ. ಇನ್ನು ಹೊಟ್ಟೆಯಲ್ಲಿರುವುದನ್ನು ಹೊರಗೆ ಹಾಕುತ್ತೇನೆ, ಯಾರ ಮುಂದಾದರೂ ಹಾಕದಿದ್ದರೆ ನನಗೆ ಅನ್ನ ಸೇರುವುದಿಲ್ಲ.

ನಮ್ಮ ಪರೀಕ್ಷಾ ಮಂಡಳಿಗೆ ಮೋಡೆಮ್ ಎಂಬ ಪೆಟ್ಟಿಗೆ ಬಂದಿದೆ. ನಿಮಗೆ ಗೊತ್ತಲ್ಲ, ನಾವು ಗುಮಾಸ್ತರ ಅರ್ಹತಾ ಪರೀಕ್ಷೆ ನಡೆಸುವವರು. ವಶೀಲಿ ನಡೆಯಬಾರದೆಂದು ನಾಗಪುರದ ಉತ್ತರಪತ್ರಿಕೆಗಳನ್ನು ಜಬಲ್‌ಪುರದಲ್ಲಿ ತಿದ್ದುತ್ತಾರೆ. ಅಲ್ಲಿಂದ ಅಂಕಪಟ್ಟಿ ರಿಜಿಸ್ಟರ್ಡ್ ಅಂಚೆಯಲ್ಲಿ ಬರಲು ಹತ್ತು ದಿನ ಬೇಕಾಗುತ್ತಿತ್ತು. ಇನ್ನು ಮೇಲೆ ಅಂಕಗಳು ಟೆಲಿಫೋನಿನ ತಂತಿಯಲ್ಲೇ ಬರುತ್ತವಂತೆ, ಮೂಲ ಪಟ್ಟಿ ದಾಖಲೆಗೆಂದು ಆಮೇಲೆ ಅಂಚೆಯಲ್ಲಿ ಬರುತ್ತದಂತೆ. ಪೆಟ್ಟಿಗೆಯ ಒಂದು ಕಡೆ ಟೆಲಿಫೋನ್, ಇನ್ನೊಂದು ಕಡೆ ಕಂಪ್ಯೂಟರಿನ ಬೆನ್ನಿಗಿರುವ ಸೀರಿಯಲ್ ಪೋರ್ಟು, ಎಂದರೆ ಬಿಟ್ ಎಂಬ ಸೊನ್ನೆ ಒಂದುಗಳು ಒಂದರ ಹಿಂದೆ ಒಂದು ಸಾಲಾಗಿ ಒಳಗೆ ಬರುವ ಬಾಗಿಲು.

ಅದಕ್ಕಾಗಿ ಒಂದು ಎ.ಸಿ. ಕೋಣೆ ಕಟ್ಟಿದರು. ಧೂಳು ಬೀಳಬಾರದೆಂದು ಎಲ್ಲರೂ ಚಪ್ಪಲಿ, ಬೂಟು ಹೊರಗೆ ಬಿಡಬೇಕು. ಹೊರಗೆ ನಲವತ್ತೈದು ಡಿಗ್ರಿ ಬಿಸಿಲು, ಒಳಗೆ ತಂಪು. ಹಾಗಾಗಿ ಇಡೀ ಕಚೇರಿ ಅಲ್ಲೇ ಬಂದು ಕೂರುತ್ತದೆ. ಕಿಟಕಿ ತೆರೆಯುವಂತಿಲ್ಲ. ಹದಿನಾಲ್ಕು ಗಂಡಸರ ಕಾಲುಚೀಲದ ನಾತ ಮಾಮಾ, ಥೂ, ಬರೆಯುವಾಗಲೂ ಮೂಗಿಗೆ ಬಂದ ಹಾಗಾಗುತ್ತದೆ. ನಮ್ಮ ಮುಖ್ಯಸ್ಥರು ಕಾಶೀನಾಥ ಸಾಹೇಬರು ತಮ್ಮ ಊಟವನ್ನೂ ಅಲ್ಲಿಗೇ ತರಿಸಿಕೊಳ್ಳುತ್ತಾರೆ. ನಿನ್ನೆ ಪ್ರಿಂಟರಿನ ಹಿಂದಿನಿಂದ ಮೂರು ಮಾವಿನ ಗೊರಟೆ ತೆಗೆದೆ. ಒಂದಕ್ಕೆ ಇರುವೆ ಮುತ್ತಿತ್ತು. ಅಂಕಪಟ್ಟಿ ವಿಭಾಗದ ಮೇಲ್ವಿಚಾರಕಿಯ ಕೆಲಸ ಇದು.

ಮುಂಬಯಿಯಿಂದ ಯಂತ್ರ ಕೂಡಿಸಲು ಬಂದವನು ಒಂದು ಗಂಟೆ ಇದ್ದ, ಅದರಲ್ಲಿ ಮುಕ್ಕಾಲು ಗಂಟೆ ಉಂಡ. ಹೋಗುವಾಗ ಒಂದು ಚೀಟಿ ಕೊಟ್ಟ: ವೇಗ ೧೨೦೦, ಬಿಟ್ ಏಳು, ಪ್ಯಾರಿಟಿ ಈವನ್, ಸ್ಟಾಪ್ ಒಂದು. ಎರಡೂ ತುದಿಯಲ್ಲಿ ಇವು ಒಂದೇ ಇರಬೇಕು, ಇಲ್ಲದಿದ್ದರೆ ಪರದೆಯ ತುಂಬ ಕಸ. ಉಳಿದದ್ದನ್ನು ಪುಸ್ತಕ ಹಿಡಿದು ನಾನೇ ಓದಿಕೊಂಡೆ. ಒಂದೊಂದು ಅಂಕಿಯೂ ಏಳು ಸೊನ್ನೆ ಒಂದುಗಳಾಗಿ ಬರುತ್ತದೆ. ಹಿಂದೆ ಎಂಟನೆಯದೊಂದು ಬರುತ್ತದೆ, ಒಟ್ಟು ಒಂದುಗಳು ಸಮಸಂಖ್ಯೆಯಾಗಲಿ ಎಂದು ಸೇರಿಸಿದ್ದು. ದಾರಿಯಲ್ಲಿ ಒಂದು ಬಿಟ್ ಕೆಟ್ಟರೆ ಲೆಕ್ಕ ಬೆಸವಾಗುತ್ತದೆ, ಆಗ ಪ್ರಿಂಟರ್ ಆ ಅಂಕಿಯ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹೊಡೆಯುತ್ತದೆ. ಇದೇ ಪ್ಯಾರಿಟಿ.

ಮೊನ್ನೆ ಪರೀಕ್ಷೆಗೆಂದು ಹಳೆಯ ಪಟ್ಟಿ ತರಿಸಿದರೆ ಪುಟಕ್ಕೆ ಎಂಟು ಹತ್ತು ಪ್ರಶ್ನಾರ್ಥಕ ಚಿಹ್ನೆ. ವೇಗವನ್ನು ೩೦೦ಕ್ಕೆ ಇಳಿಸಿದರೆ ಒಂದೂ ಇಲ್ಲ. ಆದರೆ ಸಾಹೇಬರಿಗೆ ೧೨೦೦ ಬೇಕು. ನೀವು ಮೂವತ್ತನಾಲ್ಕು ವರ್ಷ ತಂತಿ ಕಚೇರಿಯಲ್ಲಿ ಕೂತವರು, ನೀವು ಏನನ್ನುತ್ತೀರಿ?

ನಿಮ್ಮ
ಜಯಾ

*

ಮಾಳಮಡ್ಡಿ, ಧಾರವಾಡ
೧ ಜುಲೈ ೧೯೮೮

ಜಯಾ, ನಿನಗೆ ಈ ಮುದುಕನ ಆಶೀರ್ವಾದ.

ನಿನ್ನ ಕಾಗದ ಓದಿ ಮೂಗು ಮುಚ್ಚಿಕೊಂಡೆ. ಸಣ್ಣವಳಿದ್ದಾಗಲೂ ನೀನು ಊಟದ ತಟ್ಟೆಯಲ್ಲಿ ಕೂದಲು ಕಂಡರೆ ಮೂರು ದಿನ ಮಾತಾಡುತ್ತಿದ್ದೆ. ಈಗ ನಿನಗೆ ಇಡೀ ಕಚೇರಿಯೇ ಸಿಕ್ಕಿದೆ.

ನಿನ್ನ ಬಿಟ್ಟು ಗಿಟ್ಟು ನನಗೆ ತಿಳಿಯದು. ತಂತಿ ತಿಳಿಯುತ್ತದೆ. ತಂತಿಗೆ ಒಂದು ತ್ರಾಣ ಇರುತ್ತದೆ, ಅದಕ್ಕಿಂತ ಜೋರಾಗಿ ಹೊಡೆದರೆ ಆ ತುದಿಯವನಿಗೆ ಕೇಳುವುದು ಬರೀ ಗದ್ದಲ. ಕೇಳುವವನ ಕೈ ಎಷ್ಟು ಓಡುತ್ತದೋ ಅಷ್ಟೇ ವೇಗದಲ್ಲಿ ಹೊಡೆಯುವವನು ಒಳ್ಳೆಯ ಕೆಲಸಗಾರ. ನಿಮ್ಮ ಸಾಹೇಬರಿಗೆ ಇದನ್ನು ಹೇಳು. ೩೦೦ಕ್ಕೆ ಇಳಿಸಿಕೊಂಡರೆ ಅವರ ಮಾನವೇನೂ ಇಳಿಯುವುದಿಲ್ಲ.

ಇನ್ನೊಂದು. ನಮ್ಮಲ್ಲಿ ಅಂಕಿಗಳಿರುವ ತಂತಿಯಾದರೆ ಕೊನೆಗೆ ಆ ಅಂಕಿಗಳನ್ನಷ್ಟೇ ಮತ್ತೊಮ್ಮೆ ಹೊಡೆಯುವ ರೂಢಿ ಇತ್ತು. ಬರೆದುಕೊಳ್ಳುವವನು ಎರಡನ್ನೂ ತಾಳೆ ನೋಡಿ ಪಕ್ಕಕ್ಕೆ ಗೀಟು ಹಾಕಬೇಕು. ಅಕ್ಷರ ತಪ್ಪಿದರೆ ಓದುವವನು ಊಹಿಸಿಕೊಳ್ಳುತ್ತಾನೆ. ಅಂಕಿ ತಪ್ಪಿದರೆ ಅದು ಬೇರೊಂದು ಅಂಕಿಯಾಗಿ ಕೂರುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ನನ್ನ ಕೈಯಲ್ಲಿ ಮೂವತ್ತನಾಲ್ಕು ವರ್ಷ ಒಂದು ಅಂಕಿಯೂ ತಪ್ಪಲಿಲ್ಲ. ಜಬಲ್‌ಪುರದವರಿಗೆ ಅಂಕಗಳನ್ನು ಎರಡು ಸಲ ಕಳಿಸಲು ಹೇಳು.

ವ್ಯಾಸರಾಜ

*

ಲಕ್ಷ್ಮೀ ನಗರ, ನಾಗಪುರ
೨೭ ಆಗಸ್ಟ್ ೧೯೮೮

ವ್ಯಾಸಮಾಮಾ, ನಮಸ್ಕಾರ.

ಎರಡು ಸಲ ಕಳಿಸುವ ಮಾತೆತ್ತಿದೆ. ಸಾಹೇಬರು ನಕ್ಕರು. ಎರಡು ಸಲ ತರಿಸಿದರೆ ಯಂತ್ರದ ಮೇಲೆ ನಮಗೇ ನಂಬಿಕೆ ಇಲ್ಲ ಎಂದಾಗುತ್ತದಂತೆ.

ಹೋದ ಶನಿವಾರ ಉದ್ಘಾಟನೆ. ದಿಲ್ಲಿಯಿಂದ ಒಬ್ಬ ಅಧಿಕಾರಿ ಬಂದಿದ್ದರು. ಮೋಡೆಮಿಗೆ ಕುಂಕುಮ ಹಚ್ಚಿ, ಅದರ ಗಾಳಿಕಿಂಡಿಗಳ ಮೇಲೆಯೇ ಚೆಂಡುಹೂವಿನ ಮಾಲೆ ಹಾಕಿದರು. ಊದಿನಕಡ್ಡಿಯ ಬೂದಿ ಕೀಲಿಮಣೆಯೊಳಗೆ ಬಿತ್ತು. ಯಂತ್ರ ಕಿರುಚಿತು, ಪ್ರಿಂಟರ್ ಹೊಡೆಯಿತು, ಪುಟದ ಮೇಲೆ ಹನ್ನೊಂದು ಪ್ರಶ್ನಾರ್ಥಕ ಚಿಹ್ನೆ. ಅಧಿಕಾರಿ ಬೆರಳಿಟ್ಟು “ಯೆ ಕ್ಯಾ ಹೈ?” ಎಂದು ಕೇಳಿದರು. ಸಾಹೇಬರು ರೆಪ್ಪೆ ಬಡಿಯದೆ, ಅವರೆಲ್ಲ ಪರೀಕ್ಷೆಗೆ ಗೈರುಹಾಜರಾದವರು ಎಂದುಬಿಟ್ಟರು. ಅಧಿಕಾರಿ ತಲೆದೂಗಿ ಕಚೋರಿಗೆ ಕೈ ಹಾಕಿದರು.

ಅವರ ಕಾರು ಹೊರಟ ಮೇಲೆ ಸಾಹೇಬರು ನನ್ನನ್ನು ಕರೆದರು. “ಜಯಾಬಾಯಿ, ಹೇ ಪ್ರಶ್ನಚಿನ್ಹ ಮಲಾ ನಕೋತ. ಬಂದ್ ಕರಾ.” ಈ ಚಿಹ್ನೆಗಳು ತಮಗೆ ಬೇಡ, ನಿಲ್ಲಿಸಿ ಎಂದು.

“೩೦೦ಕ್ಕೆ ಇಳಿಸಿದರೆ ತಾವಾಗಿಯೇ ನಿಲ್ಲುತ್ತವೆ” ಎಂದೆ.

“ತೀನಶೇ? ಮೀ ದಿಲ್ಲೀಲಾ ಬಾರಾಶೇ ಲಿಹಿಲಂಯ!” ಎಂದು ಮೇಜು ಗುದ್ದಿದರು. ದಿಲ್ಲಿಗೆ ೧೨೦೦ ಎಂದು ಬರೆದಾಗಿದೆ, ಇನ್ನು ಬ್ರಹ್ಮ ಬಂದರೂ ಇಳಿಯುವುದಿಲ್ಲ.

ಆಗ ನನ್ನ ನಾಲಿಗೆ ಸುಮ್ಮನಿರಬೇಕಿತ್ತು. ಸಿಟ್ಟಿನಲ್ಲಿ ಚುಚ್ಚಲೆಂದೇ ಅಂದೆ: ಹಾಗಾದರೆ ಬಿಟ್ ಎಂಟು ಮಾಡಿ ಪ್ಯಾರಿಟಿಯನ್ನೇ ತೆಗೆದುಬಿಡೋಣ, ಚಿಹ್ನೆ ಬರುವುದಿಲ್ಲ, ತಪ್ಪು ಮಾತ್ರ ಹಾಗೆಯೇ ಬರುತ್ತದೆ. ಅವರಿಗೆ ಮೊದಲರ್ಧ ಮಾತ್ರ ಕೇಳಿಸಿತು. “ವ್ಹಾ! ಜಲ್ದಿ ಕರಾ.”

ಮಾಡಿದೆ ಮಾಮಾ. ಮೋಡೆಮಿನ ಬೆನ್ನಿನ ಮೇಲೆ ಅಕ್ಕಿಕಾಳಿನಷ್ಟು ಚಿಕ್ಕ ಸ್ವಿಚ್ಚುಗಳ ಸಾಲಿದೆ, ಬೆರಳು ಹೋಗುವುದಿಲ್ಲ. ತಲೆಯಿಂದ ಹೇರ್‌ಪಿನ್ನು ತೆಗೆದು ಎರಡು ಸ್ವಿಚ್ಚು ಸರಿಸಿದೆ, ಕಂಪ್ಯೂಟರಿನಲ್ಲೂ ಹಾಗೇ ಬದಲಿಸಿದೆ. ಜಬಲ್‌ಪುರಕ್ಕೆ ಫೋನ್ ಮಾಡಿ ಅಲ್ಲಿಯೂ ಹಾಗೇ ಮಾಡಿಸಿದೆ. ಮತ್ತೆ ತರಿಸಿದ ಪುಟ ಹಾಲಿನಲ್ಲಿ ತೊಳೆದಷ್ಟು ಶುಭ್ರ. ಇದರಿಂದ ಒಂದು ಅಕ್ಷರವೂ ಬೇಗ ಬರುವುದಿಲ್ಲ. ಮೊದಲಿನ ಸ್ಟಾರ್ಟ್, ಕೊನೆಯ ಸ್ಟಾಪ್ ಸೇರಿ ಆಗಲೂ ಅಕ್ಷರಕ್ಕೆ ಹತ್ತು ಬಿಟ್, ಈಗಲೂ ಹತ್ತು ಬಿಟ್. ತಪ್ಪನ್ನು ತೋರಿಸುವವನನ್ನು ಮನೆಯಿಂದ ಆಚೆ ಹಾಕಿದ್ದೇವೆ ಅಷ್ಟೇ.

ಈ ವರ್ಷದ ನನ್ನ ಗೋಪ್ಯ ವರದಿಯಲ್ಲಿ ಒಳ್ಳೆಯ ಮಾತು ಬರೆಯುತ್ತಾರಂತೆ. “ಥ್ಯಾಂಕ್ಯೂ ಸರ್” ಎಂದೆ. ಮನೆಗೆ ಬಂದು ಎರಡು ಸಲ ಕೈ ತೊಳೆದೆ.

ಜಯಾ

*

ಧಾರವಾಡ
೧೦ ಸೆಪ್ಟೆಂಬರ್ ೧೯೮೮

ಜಯಾ,

ಬಹಳ ಮನಸ್ಸಿಗೆ ಹಚ್ಚಿಕೊಳ್ಳಬೇಡ. ಅಂಚೆಯಲ್ಲಿ ಮೂಲ ಅಂಕಪಟ್ಟಿ ಹೇಗೂ ಬರುತ್ತದಲ್ಲ, ಫಲಿತಾಂಶ ಹೊರಡಿಸುವ ಮೊದಲು ಒಮ್ಮೆ ತಾಳೆ ನೋಡಿಬಿಡು. ಗೀಟು ಹಾಕುವುದನ್ನು ಮರೆಯಬೇಡ.

ವ್ಯಾಸರಾಜ

*

ಲಕ್ಷ್ಮೀ ನಗರ, ನಾಗಪುರ
೨೫ ನವೆಂಬರ್ ೧೯೮೮

ವ್ಯಾಸಮಾಮಾ,

ತಾಳೆ ನೋಡಲಿಲ್ಲ. ಮೂಲ ಪಟ್ಟಿ ಅಂಚೆಯಲ್ಲಿ ಬರುವ ಎರಡು ದಿನ ಮೊದಲೇ, ೧೪ನೇ ತಾರೀಖು, ಸಾಹೇಬರು ಫಲಿತಾಂಶ ಹೊರಡಿಸಿದರು. ದೇಶದಲ್ಲೇ ಮೊದಲು ಎಂದು ಹೇಳಿಕೊಳ್ಳಬೇಕಿತ್ತು. ಮೂಲ ಪಟ್ಟಿಯ ಕಟ್ಟು ಬಂದಾಗ ಅರಗಿನ ಮುದ್ರೆ ಒಡೆಯದೆ ಕಪಾಟಿಗೆ ಹಾಕಿದರು. ನಾನು ನೋಡುತ್ತ ನಿಂತಿದ್ದೆ.

ನಿಮಗೆ ದೇಚಮ್ಮನ ಬಗ್ಗೆ ಬರೆದಿಲ್ಲ. ಕೊಡಗಿನವಳು, ಇಲ್ಲೇ ಪ್ರತಾಪ ನಗರದಲ್ಲಿ ಬಾಡಿಗೆಗಿದ್ದಾಳೆ. ಕನ್ನಡದವರ ಯುಗಾದಿ ಊಟದಲ್ಲಿ ಪರಿಚಯವಾದವಳು. ಗಂಡ ಉತ್ತಪ್ಪ ವಾಯುಸೇನೆಯಲ್ಲಿದ್ದರು, ಎರಡು ವರ್ಷದ ಹಿಂದೆ ಅಪಘಾತದಲ್ಲಿ ಹೋದರು. ಎಂಟು ವರ್ಷದ ಒಬ್ಬಳೇ ಮಗಳು. ಗಂಡನ ಲೆಕ್ಕದಲ್ಲಿ ಒಂದು ಗುಮಾಸ್ತಿಕೆ ಇವಳಿಗಾಗಿ ಕಾಯ್ದಿರಿಸಿದ್ದಾರೆ, ಆದರೆ ನಮ್ಮ ಪರೀಕ್ಷೆ ಪಾಸಾಗಬೇಕು. ಮೂರು ಸಲ ಮಾತ್ರ ಕೂರಬಹುದು. ಇದು ಮೂರನೆಯದು. ಇಲ್ಲಿ ಪಾಸಾಗದಿದ್ದರೆ ಆ ಜಾಗ ಬೇರೆಯವರಿಗೆ.

ಮೊನ್ನೆ ಸಂಜೆ ಮನೆಗೆ ಬಂದಳು. ಕೈಯಲ್ಲಿ ಫಲಿತಾಂಶದ ಚೀಟಿ.

“ಅಕ್ಕ, ಟೈಪಿಂಗ್‌ನಲ್ಲಿ ಎಂಬತ್ತೊಂದು ಬಂದಿದೆ. ಕಚೇರಿ ನಿಯಮದ ಪೇಪರ್‌ನಲ್ಲಿ ಮೂವತ್ತೆರಡು ಅಂತೆ. ಹೇಗೆ ಬರುತ್ತೆ ಅಕ್ಕ? ಆ ಪುಸ್ತಕ ನಂಗೆ ಬಾಯಿಪಾಠ.”

ಪಾಸಾಗಲು ನಲವತ್ತು ಬೇಕು. ನಾನು ಏನು ಹೇಳಿದೆ ಗೊತ್ತೇ? “ಮಂಡಳಿ ತಪ್ಪ ಮಾಡೂದಿಲ್ಲ ದೇಚಮ್ಮ. ನೀನಽ ಎಲ್ಲ್ಯೋ ಗಡಬಡ ಮಾಡಿರಬೇಕು.” ಈ ಮಾತು ನನ್ನ ಬಾಯಿಂದ ಬಂತು. ಅವಳು ತಲೆ ತಗ್ಗಿಸಿ ಚಹಾ ಕುಡಿದು ಹೋದಳು.

ನಿನ್ನೆ ಸಾಹೇಬರು ಊಟಕ್ಕೆ ಕೂತ ಹೊತ್ತಿನಲ್ಲಿ ಕಪಾಟು ತೆರೆದು ಮುದ್ರೆ ಒಡೆದೆ. ದೇಚಮ್ಮನಿಗೆ ಬಂದಿರುವುದು ಎಪ್ಪತ್ತೆರಡು. ಏಳಕ್ಕೂ ಮೂರಕ್ಕೂ ನಡುವೆ ಒಂದೇ ಬಿಟ್ ವ್ಯತ್ಯಾಸ ಮಾಮಾ, ಕೋಷ್ಟಕ ತೆಗೆದು ನೋಡಿದೆ. ಪ್ಯಾರಿಟಿ ಇದ್ದಿದ್ದರೆ ಅಲ್ಲೊಂದು ಪ್ರಶ್ನಾರ್ಥಕ ಚಿಹ್ನೆ ಬಿದ್ದಿರುತ್ತಿತ್ತು, ಯಾರಾದರೂ ಫೋನ್ ಮಾಡಿ ಕೇಳಿರುತ್ತಿದ್ದರು. ಇನ್ನೂರು ಚಿಲ್ಲರೆ ಹೆಸರುಗಳಲ್ಲಿ ಒಂಬತ್ತು ಕಡೆ ಹೀಗೆ ಪಾಸು ನಪಾಸೇ ತಿರುಗುಮುರುಗಾಗಿದೆ. ಒಬ್ಬ ಮಹಾಶಯನ ಮೂವತ್ನಾಲ್ಕು ಎಪ್ಪತ್ನಾಲ್ಕಾಗಿದೆ. ಅವನು ಕಚೇರಿಗೆ ಬಂದು ಎಲ್ಲರಿಗೂ ಪೇಢೆ ಹಂಚಿದ್ದ. ನಾನು ಎರಡು ತಿಂದಿದ್ದೆ.

ಪಟ್ಟಿ ಹಿಡಿದು ಸಾಹೇಬರ ಬಳಿ ಹೋದೆ. ಬೆರಳಿನಲ್ಲಿ ಹಲ್ಲಿನ ಸಂದಿ ಕೆದಕುತ್ತ ಕೇಳಿದರು, ಅದೇ ಬೆರಳಿನಲ್ಲಿ ಪಟ್ಟಿ ತಿರುವಿದರು. ಫಲಿತಾಂಶ ದಿಲ್ಲಿಗೆ ಹೋಗಿ ಮುಟ್ಟಿದೆ, ಈಗ ತಪ್ಪೆಂದರೆ ತಪ್ಪು ಯಾರದೆಂದು ಕೇಳುತ್ತಾರೆ, ಸ್ವಿಚ್ಚು ಸರಿಸಿದ್ದು ಯಾರ ಕೈ? ನಕ್ಕೇ ಹೇಳಿದರು. ಬರಹದಲ್ಲಿ ಆದೇಶ ಇಲ್ಲ.

ಮೇಲ್ಮನವಿಗೆ ಡಿಸೆಂಬರ್ ೨೦ ಕೊನೆಯ ದಿನ. ತನ್ನ ಅಂಕ ಎಪ್ಪತ್ತೆರಡೆಂದು ದೇಚಮ್ಮನಿಗೆ ಗೊತ್ತಿಲ್ಲ, ಗೊತ್ತಿಲ್ಲದೆ ಏನೆಂದು ಮನವಿ ಮಾಡಿಯಾಳು? ಬಾಯಿ ಬಿಟ್ಟರೆ ನನ್ನ ಇಪ್ಪತ್ತೆರಡು ವರ್ಷದ ನೌಕರಿಗೆ ಕಲ್ಲು. ಏನು ಮಾಡಲಿ ಹೇಳಿ. ನಿಮ್ಮ ಕಾಗದ ಬರುವ ತನಕ ಯಾರಿಗೂ ಏನೂ ಹೇಳುವುದಿಲ್ಲ.

ಜಯಾ

*

ಧಾರವಾಡ
೪ ಡಿಸೆಂಬರ್ ೧೯೮೮

ಜಯಾ,

ಇದನ್ನು ಓದಿ ಹರಿದುಹಾಕು.

ಸುಮ್ಮನಿರು. ಕಟ್ಟನ್ನು ಮತ್ತೆ ಕಪಾಟಿನಲ್ಲಿಡು. ಒಂದು ಮಾತು ಯಾರಿಗೂ ಹೇಳಿಲ್ಲ, ನಿನ್ನ ಅತ್ತೆಗೂ ಹೇಳಿಲ್ಲ, ಈಗ ನಿನಗೆ ಹೇಳುತ್ತೇನೆ.

೧೯೫೬ರಲ್ಲಿ ನಾನು ಗದಗ ಕಚೇರಿಯಲ್ಲಿದ್ದೆ. ಬಸವಂತ ಎಂಬ ಮಾಸ್ತರನಿಗೆ ವಿಜಾಪುರದಿಂದ ತಂತಿ ಬಂತು, ತಾಯಿಗೆ ಹನ್ನೆರಡನೇ ತಾರೀಖು ಶಸ್ತ್ರಚಿಕಿತ್ಸೆ, ಕೂಡಲೇ ಬಾ ಎಂದು. ನಾನು ಹದಿಮೂರು ಎಂದು ಬರೆದುಕೊಂಡೆ. ಆ ತುದಿಯಲ್ಲಿ ಅಪ್ಪಣ್ಣ ಎಂಬುವನಿದ್ದ. ಅವನು ಕೊನೆಗೆ ಅಂಕಿಯನ್ನು ಮತ್ತೊಮ್ಮೆ ಹೊಡೆದ. ನನಗೆ ಊಟಕ್ಕೆ ಹೊತ್ತಾಗಿತ್ತು. ಕೇಳಿಸಿಕೊಳ್ಳದೆಯೇ ಗೀಟು ಹಾಕಿ ಎದ್ದೆ. ಮಾಸ್ತರ ಒಂದು ದಿನ ತಡವಾಗಿ ಹೋದ. ತಾಯಿ ಮೇಜಿನ ಮೇಲೆಯೇ ತೀರಿಕೊಂಡಿದ್ದಳು, ಮಣ್ಣೂ ಆಗಿತ್ತು. ಅವನು ದೂರು ಕೊಟ್ಟ. ವಿಚಾರಣೆಯಲ್ಲಿ ನನ್ನ ಹಾಳೆಯ ಮೇಲೆ ಗೀಟಿತ್ತು, ಆದ್ದರಿಂದ ತಪ್ಪು ಕಳಿಸಿದವನದೆಂದಾಯಿತು. ಅಪ್ಪಣ್ಣನನ್ನು ಹುದ್ದೆಯಿಂದ ಇಳಿಸಿ ಬೇರೆ ಕಡೆ ಎತ್ತಿಹಾಕಿದರು. ನಾನು ಬಾಯಿ ತೆರೆಯಲಿಲ್ಲ.

ನನಗೆ ಏನೂ ಆಗಲಿಲ್ಲ. ಬಡ್ತಿ ಬಂತು, ಸನ್ಮಾನ ಮಾಡಿದರು, ಶಾಲು ಇನ್ನೂ ಇದೆ. ಮೊದಲೆರಡು ವರ್ಷ ಕಷ್ಟ, ಆಮೇಲೆ ರೂಢಿಯಾಗುತ್ತದೆ. ಆ ಹೆಂಗಸಿಗೆ ಬೇರೆ ಏನಾದರೂ ದಾರಿ ಆಗುತ್ತದೆ. ನಿನ್ನ ಸಂಸಾರ ನೋಡಿಕೋ.

ವ್ಯಾಸರಾಜ

*

ನಾಗಪುರ
೧೬ ಡಿಸೆಂಬರ್ ೧೯೮೮

ಮಾಮಾ,

ನಿಮ್ಮ ಕಾಗದ ೯ರಂದೇ ಬಂತು. ಒಂದು ವಾರ ಚೀಲದಲ್ಲಿಟ್ಟುಕೊಂಡು ಓಡಾಡಿದೆ. ಹರಿದುಹಾಕಿಲ್ಲ.

ನನಗೆ ನಿಮ್ಮ ಬಗ್ಗೆ ಹೇಸಿಗೆ ಬಂದಿದೆ. ಸಾಹೇಬರ ಮೇಲೂ ಇಷ್ಟು ಬಂದಿರಲಿಲ್ಲ. ಅವರು ಎಂದೂ ನನ್ನನ್ನು ಮಡಿಲಲ್ಲಿ ಕೂರಿಸಿಕೊಂಡು ಪ್ರಾಮಾಣಿಕತೆಯ ಪಾಠ ಹೇಳಿದವರಲ್ಲ. ಕೇಳಿಸಿಕೊಳ್ಳದೆ ಗೀಟು ಹಾಕಿದ ಕೈಯಿಂದಲೇ ನನಗೆ “ಗೀಟು ಹಾಕುವುದನ್ನು ಮರೆಯಬೇಡ” ಎಂದು ಬರೆದಿರಿ. ಅದು ಹೇಗೆ ಬರೆದಿರಿ ಮಾಮಾ? “ನನಗೆ ಏನೂ ಆಗಲಿಲ್ಲ” ಎನ್ನುತ್ತೀರಿ. ಅದಕ್ಕಿಂತ ಹೆಚ್ಚಿನ ಅಸಹ್ಯ ಏನೆಂದರೆ, ನೀವು “ಸುಮ್ಮನಿರು” ಎಂದದ್ದನ್ನು ಓದಿದ ಕೂಡಲೇ ನನಗೆ ಹಾಯೆನಿಸಿತು. ಆ ದಿನ ಹೊಟ್ಟೆ ತುಂಬ ಉಂಡೆ.

ಇವತ್ತು ಬೆಳಿಗ್ಗೆ ದಿಲ್ಲಿಗೆ ರಿಜಿಸ್ಟರ್ಡ್ ಅಂಚೆ ಹಾಕಿದೆ. ಒಂಬತ್ತು ಹೆಸರು, ಎರಡೂ ಅಂಕ, ಮೂಲ ಪಟ್ಟಿಯ ಪ್ರತಿ. ಸ್ವಿಚ್ಚು ಸರಿಸಿದ್ದು ನಾನು, ಸರಿಸಲು ಹೇಳಿದ್ದು ಸಾಹೇಬರು, ಸರಿಸುವ ದಾರಿ ತೋರಿಸಿದ್ದೂ ನಾನೇ ಎಂದು ಬರೆದು ಸಹಿ ಮಾಡಿದ್ದೇನೆ. ಒಂದು ಪ್ರತಿ ದೇಚಮ್ಮನ ಕೈಗೆ ಕೊಟ್ಟು, ಮೇಲ್ಮನವಿ ಟೈಪ್ ಮಾಡಿಸಿಯೇ ಮನೆಗೆ ಬಂದೆ. ಅವಳು ಓದಿ, ಮಡಚಿ, ಚೀಲದಲ್ಲಿಟ್ಟುಕೊಂಡಳು.

ನೀವೂ ಅಪ್ಪಣ್ಣನಿಗೆ ಬರೆಯಿರಿ. ಅಲ್ಲಿಯ ತನಕ ನನಗೆ ಬರೆಯಬೇಡಿ.

ಜಯಾ

*

ಧಾರವಾಡ
೨ ಜನವರಿ ೧೯೮೯
(ಕಾರ್ಡು)

ಜಯಾ,

ವಿಳಾಸ ಹುಡುಕಿಸಿದೆ. ಅಪ್ಪಣ್ಣ ತೀರಿಕೊಂಡು ಹನ್ನೊಂದು ವರ್ಷವಾಯಿತಂತೆ. ಮನೆಯಲ್ಲಿ ಹೆಂಡತಿ ಮಹಾದೇವಮ್ಮ ಇದ್ದಾರೆ. ಆಕೆಗೆ ಬರೆಯಲು ಕೂತಿದ್ದೇನೆ, ನಾಲ್ಕು ದಿನವಾಯಿತು, ಎರಡು ಸಾಲಾಗಿದೆ.

ವ್ಯಾಸರಾಜ

*

ಲಕ್ಷ್ಮೀ ನಗರ, ನಾಗಪುರ
೨೯ ಜನವರಿ ೧೯೮೯

ವ್ಯಾಸಮಾಮಾ,

ನಿಮ್ಮ ಕಾರ್ಡು ಬಂತು. ಮೂರನೇ ಸಾಲು ಬರೆಯಿರಿ. ಆಕೆಗೆ ತಲುಪಿದ ಮೇಲೆ ಬೈಗುಳ ಬಂದರೂ ಓದಿ.

ಇಲ್ಲಿಯ ಸುದ್ದಿ. ಫಲಿತಾಂಶ ತಿದ್ದಿ ಬಂತು. ದೇಚಮ್ಮ ಹೋದ ಸೋಮವಾರ ಕೆಲಸಕ್ಕೆ ಸೇರಿದಳು. ಪೇಢೆ ಹಂಚಿದವನು ನಮ್ಮ ಕಚೇರಿಯ ಮೆಟ್ಟಿಲ ಮೇಲೆ ಕೂತು ಅತ್ತ, ಅವನ ಮುಖ ನೋಡಲಾಗಲಿಲ್ಲ. ನನಗೆ ಮೆಮೊ ಬಂದಿದೆ, ವಿಚಾರಣೆ ಬಾಕಿ ಇದೆ. ಅಲ್ಲಿಯವರೆಗೆ ರವಾನೆ ವಿಭಾಗದಲ್ಲಿ ಲಕೋಟೆಗೆ ಗೋಂದು ಹಚ್ಚುತ್ತಿದ್ದೇನೆ. ಗೋಂದಿನ ಡಬ್ಬಿಯಲ್ಲಿ ನೊಣ ಸತ್ತು ತೇಲುತ್ತಿರುತ್ತವೆ. ಸಾಹೇಬರಿಗೆ ಏನೂ ಆಗಿಲ್ಲ. ಯಂತ್ರದ್ದೇ ದೋಷವೆಂದು ವರದಿ ಬರೆದರು, ದಿಲ್ಲಿಯವರು ಒಪ್ಪಿದರು, ಪರಿಹಾರವಾಗಿ ೨೪೦೦ ವೇಗದ ಹೊಸ ಮೋಡೆಮ್ ಕಳಿಸುತ್ತಿದ್ದಾರೆ. ಮತ್ತೆ ಮಾಲೆ ಹಾಕುತ್ತಾರೆ. ಇದೇ ತಂತಿಯಲ್ಲಿ ೨೪೦೦! ನಗಬೇಕೋ ಉಗಿಯಬೇಕೋ ತಿಳಿಯುವುದಿಲ್ಲ.

ಈ ಕಾಗದ ಬರೆಯುತ್ತಿರುವುದು ಇದಕ್ಕಲ್ಲ. ಇವತ್ತು ಭಾನುವಾರ, ಬೆಳಿಗ್ಗೆ ದೇಚಮ್ಮ ಬಂದಿದ್ದಳು. ಒಳಗೆ ಬಾ ಎಂದರೆ ಬರಲಿಲ್ಲ, ಬಾಗಿಲಲ್ಲೇ ನಿಂತಳು. ಥ್ಯಾಂಕ್ಸ್ ಹೇಳಲು ಬಂದಿರಬೇಕೆಂದು ನಾನು ನಗುತ್ತ ನಿಂತಿದ್ದೆ ಮಾಮಾ, ಅಷ್ಟು ನಾಚಿಕೆಗೇಡಿ ನಾನು.

“ಅಕ್ಕ, ನಿಮಗೆ ಯಾವತ್ತು ಗೊತ್ತಾಯ್ತು?”

“ನವೆಂಬರ್ ಇಪ್ಪತ್ನಾಕಕ್ಕ.”

“ನೀವು ಕಾಗದ ಕೊಟ್ಟಿದ್ದು ಡಿಸೆಂಬರ್ ಹದಿನಾರಕ್ಕೆ.” ಸಿಟ್ಟಿನ ದನಿಯಲ್ಲ. ನಿಯಮದ ಪುಸ್ತಕ ಒಪ್ಪಿಸಿದ ಹಾಗೆ ಹೇಳಿದಳು. “ನೌಕರಿ ಹೋಯ್ತು ಅಂತ ನಾನು ಮಗಳ ಸ್ಕೂಲ್ ಬಿಡಿಸಿ, ಊರಿಗೆ ಹೋಗೋರ ಜೊತೆ ಕೊಡಗಿಗೆ ಅವರಜ್ಜಿ ಹತ್ರ ಕಳಿಸಿದೆ. ಅಬ್ ಸ್ಕೂಲ್‌ವಾಲೇ ಬೋಲ್ತೇ ಹೈಂ, ಸೀಟು ಕೊಟ್ಟಾಯ್ತು, ಜೂನ್‌ಗೆ ಬನ್ನಿ ಅಂತ. ಅವಳು ನನ್ನ ಹತ್ರ ಫೋನ್‌ನಲ್ಲಿ ಮಾತಾಡೋದಿಲ್ಲ ಅಂತಾಳೆ, ಅಮ್ಮ ನನ್ನ ಬಿಟ್ಟುಬಿಟ್ಲು ಅಂತಾಳಂತೆ.”

ನಾನು ಏನೋ ಹೇಳಲು ಹೋದೆ. ಅವಳು ಬಿಡಲಿಲ್ಲ.

“ಅವಳನ್ನ ಗಾಡಿ ಹತ್ತಿಸಿದ್ದು ಡಿಸೆಂಬರ್ ಹನ್ನೊಂದಕ್ಕೆ. ಅವತ್ತು ಸ್ಟೇಷನ್‌ಗೆ ನೀವೂ ಬಂದಿದ್ರಿ ಅಕ್ಕ.”

ಬಂದಿದ್ದೆ ಮಾಮಾ. ಹೋದ ಕಾಗದದಲ್ಲಿ ನಿಮ್ಮನ್ನು ಅಷ್ಟು ಬೈದೆ, ಇದನ್ನು ಮಾತ್ರ ಬರೆಯಲಿಲ್ಲ. ಆ ಹುಡುಗಿ ತಾಯಿಯ ಸೆರಗು ಬಿಡುತ್ತಿರಲಿಲ್ಲ. ನಾನೇ ಬೆರಳು ಬಿಡಿಸಿ, ಬಿಸ್ಕತ್ತಿನ ಪೊಟ್ಟಣ ಕೊಟ್ಟು, ಎತ್ತಿ ಡಬ್ಬಿಯೊಳಗೆ ಕೂರಿಸಿದೆ. ಗಾಡಿ ಹೊರಡುವ ತನಕ ಕೈ ಬೀಸಿದೆ. ನಿಮ್ಮ ಕಾಗದ ನನ್ನ ಚೀಲದಲ್ಲಿತ್ತು.

ದೇಚಮ್ಮ ಅಷ್ಟು ಹೇಳಿ ಹೋದಳು.

ಜಯಾ